ಹಾಡಿನ ತಟ್ಟೆಗೆ ಗುಳ್ಳೆ ಸ್ನಾನ

ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲಲ್ಲಿ ಎಷ್ಟು ಗೆರೆಗಳಿವೆ, ಹೇಳಿ ನೋಡೋಣ? ಅಟ್ಟದಲ್ಲೋ ಅಜ್ಜನ ಬೀರುವಿನಲ್ಲೋ ಒಂದು ತಟ್ಟೆ ಸಿಕ್ಕರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೂರಾರು ಗೆರೆಗಳು ಮಿನುಗುತ್ತವೆ. ಎಣಿಸಲು ಹೊರಟರೆ ಕಣ್ಣು ಸೋಲುತ್ತದೆ. ಆದರೆ ಉತ್ತರ ಬಲು ಸುಲಭ: ಒಂದೇ ಒಂದು. ಅದು ಅಂಚಿನಲ್ಲಿ ಶುರುವಾಗಿ, ಸುತ್ತಿ ಸುತ್ತಿ, ನಡುವಿನ ಕಾಗದದ ಲೇಬಲ್ಲಿನ ಹತ್ತಿರ ಬಂದು ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಅದು ಗೆರೆಯೂ ಅಲ್ಲ, ತೋಡು.

ಆ ತೋಡಿನ ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಮಗ್ಗುಲು 20 ನಿಮಿಷ ಹಾಡಿತು ಅನ್ನಿ, ಆಗ ಸುಮಾರು 667 ಸುತ್ತು. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಸರಾಸರಿ ಹಿಡಿದರೆ ಒಂದು ಸುತ್ತಿಗೆ 65 ಸೆಂಟಿಮೀಟರ್. ಗುಣಿಸಿದರೆ 430 ಮೀಟರ್ ದಾಟುತ್ತದೆ! ಇಷ್ಟುದ್ದದ ತೋಡು ಎಂಟೂವರೆ ಸೆಂಟಿಮೀಟರ್ ಅಗಲದ ಪಟ್ಟಿಯೊಳಗೆ ಹಿಡಿಯಬೇಕಾದರೆ ಪ್ರತಿ ಮಿಲಿಮೀಟರಿನಲ್ಲೂ ಸುಮಾರು ಎಂಟು ಸುತ್ತು ಒತ್ತೊತ್ತಾಗಿ ಕೂರಬೇಕು. ಹಾಗಾಗಿ ತೋಡಿನ ಬಾಯಿ ನಿಮ್ಮ ತಲೆಗೂದಲಿನ ದಪ್ಪದಷ್ಟೇ ಇರುತ್ತದೆ.

ತೋಡನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ. ಎರಡು ಕಡೆಯ ಗೋಡೆಗಳೂ ನುಣುಪಾಗಿಲ್ಲ, ಅಂಕುಡೊಂಕಾಗಿವೆ. ಆ ಅಂಕುಡೊಂಕೇ ಹಾಡು. ವಜ್ರದ ಚೂಪು ತುದಿಯ ಮುಳ್ಳು ಆ ಗೋಡೆಗಳಿಗೆ ತಾಗಿಕೊಂಡು ಓಡುವಾಗ ನಡುಗುತ್ತದೆ. ಆ ನಡುಕವೇ ವಿದ್ಯುತ್ತಾಗಿ, ಸ್ಪೀಕರಿಗೆ ಹೋಗಿ, ಮತ್ತೆ ಶಬ್ದವಾಗುತ್ತದೆ. ಸ್ಟೀರಿಯೋ ತಟ್ಟೆಯಲ್ಲಿ ಒಂದು ಗೋಡೆ ಎಡ ಸ್ಪೀಕರಿನದು, ಇನ್ನೊಂದು ಬಲದ್ದು. ತಾಳದ ಕಿಣಿಕಿಣಿಯಂಥ ಕೀಚಲು ಸದ್ದಿನ ಅಲೆಗಳು ತಟ್ಟೆಯ ಒಳಸುತ್ತಿನಲ್ಲಿ ಎಷ್ಟು ಚಿಕ್ಕದಾಗುತ್ತವೆ ಗೊತ್ತೇ? ಒಂದು ಅಲೆಗೆ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಜಾಗ ಮಾತ್ರ.

ಇಂಥ ಜಾಗಕ್ಕೆ ಒಂದು ಕಣ ಧೂಳು ಬಿದ್ದರೆ ಮುಳ್ಳಿನ ಪಾಲಿಗೆ ಅದು ಬಂಡೆ. ಎಡವುತ್ತದೆ. ನಮಗೆ ‘ಚಟ್’ ಎಂದು ಕೇಳಿಸುತ್ತದೆ. ತಟ್ಟೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು ಬೇರೆ. ಒಣ ಬಟ್ಟೆಯಿಂದ ಉಜ್ಜಿದಷ್ಟೂ ಅದರಲ್ಲಿ ಸ್ಥಿರ ವಿದ್ಯುತ್ತು ಸೇರಿಕೊಂಡು, ಗಾಳಿಯಲ್ಲಿರುವ ಧೂಳನ್ನೆಲ್ಲ ತಾನೇ ಕರೆದುಕೊಳ್ಳುತ್ತದೆ. ಬಟ್ಟೆಯ ನೂಲು ತೋಡಿಗಿಂತ ದಪ್ಪ, ಒಳಗೆ ಇಳಿಯುವುದೇ ಇಲ್ಲ. ಬೆರಳಿನ ಜಿಡ್ಡು, ಮಳೆಗಾಲದ ಬೂಷ್ಟು, ಊದುಬತ್ತಿಯ ಹೊಗೆ ಎಲ್ಲ ಸೇರಿ ಧೂಳನ್ನು ಗೋಡೆಗೆ ಅಂಟಿಸಿಬಿಡುತ್ತವೆ. ಅಷ್ಟು ಕಿರಿದಾದ ಸಂದಿಗೆ ಇಳಿದು ತಿಕ್ಕಬಲ್ಲ ಕೈ ಯಾರದ್ದು?

ನೀರೊಳಗಿನ ಗುಳ್ಳೆಯದ್ದು. ಅದನ್ನು ಹುಟ್ಟಿಸುವುದು ನಮಗೆ ಕೇಳಿಸದ ಶಬ್ದ.

ಮನುಷ್ಯರ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದ ಕೇಳುತ್ತದೆ. ಅದರಾಚೆಗಿನದಕ್ಕೆ ನಿಮ್ಮ ಪಾಠಪುಸ್ತಕ ಇಟ್ಟ ಹೆಸರು ಶ್ರವಣಾತೀತ ಧ್ವನಿ. ಬಾವಲಿ ಅದನ್ನು ಕೂಗಿ, ಅದರ ಮಾರ್ದನಿ ಕೇಳಿಕೊಂಡು ಕತ್ತಲಲ್ಲಿ ಹಾರುತ್ತದೆ. ಕನ್ನಡಕದ ಅಂಗಡಿಯಲ್ಲಿ, ಹಲ್ಲಿನ ಡಾಕ್ಟರ ಬಳಿ, ಚಿನ್ನದ ಅಂಗಡಿಯಲ್ಲಿ ಒಂದು ಪುಟ್ಟ ಸ್ಟೀಲ್ ತೊಟ್ಟಿ ನೋಡಿದ್ದೀರಾ? ಕೊಳೆಯಾದ ಕನ್ನಡಕವನ್ನು ಅದರ ನೀರಿಗೆ ಇಳಿಸಿ ಗುಂಡಿ ಒತ್ತುತ್ತಾರೆ. ಹೆಚ್ಚಿನ ತೊಟ್ಟಿಗಳಲ್ಲಿ ನೀರು ಸೆಕೆಂಡಿಗೆ 40,000 ಸಲ ನಡುಗುತ್ತದೆ. ಮೂಗಿಗೆ ತಾಗುವ ಕಡೆ ಕೂತ ಜಿಡ್ಡು ಹೊಗೆಯಂತೆ ನೀರಿಗೆ ಬಿಡುವುದು ಕಣ್ಣಿಗೇ ಕಾಣುತ್ತದೆ.

ಅಷ್ಟು ಬೇಗ ನಡುಗಿಸುವ ವಿದ್ಯೆಗೆ ಚಂದದ ಕಥೆಯೊಂದಿದೆ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕಂಡರು. ಪಿಯರ್ ಅಂದರೆ ಮುಂದೆ ವಿಜ್ಞಾನಿ ಮೇರಿ ಕ್ಯೂರಿಯವರನ್ನು ಮದುವೆಯಾದವರು. ಇದರ ತಿರುವುಮುರುವೂ ನಿಜ: ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ತುಸುವೇ ಹಿಗ್ಗಿ ಕುಗ್ಗುತ್ತದೆ. ಪಿಯರ್ ಅವರ ಶಿಷ್ಯ ಪೌಲ್ ಲಾಂಜೆವಾನ್ ಮೊದಲ ಮಹಾಯುದ್ಧದ ಕಾಲದಲ್ಲಿ, ನೀರಡಿಯಲ್ಲಿ ಅಡಗಿದ ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಹಚ್ಚಲು ಇದನ್ನು ಬಳಸಿಕೊಂಡರು. ಸ್ಫಟಿಕದ ಹರಳುಗಳನ್ನು ಎರಡು ಉಕ್ಕಿನ ಫಲಕಗಳ ನಡುವೆ ಕೂರಿಸಿ ಶಬ್ದ ಹೊಮ್ಮಿಸುವ ಸಾಧನ ಮಾಡಿದರು. ಪ್ರಯೋಗ ನಡೆಯುವಾಗ ಶಬ್ದದ ದಾರಿಗೆ ಬಂದ ಮೀನುಗಳು ಸತ್ತು ತೇಲಿದವು. ನೀರಿಗೆ ಕೈ ಇಟ್ಟವರಿಗೆ ನೋವಾಯಿತು. ಇವತ್ತು ಕನ್ನಡಕದ ಅಂಗಡಿಯ ತೊಟ್ಟಿಯನ್ನು ಮಗುಚಿ ತಳ ಬಿಚ್ಚಿದರೆ ಎರಡು ಲೋಹದ ತುಂಡುಗಳ ನಡುವೆ ಬಿಲ್ಲೆಗಳನ್ನಿಟ್ಟು ಬೋಲ್ಟ್ ಬಿಗಿದ ಸಾಧನಗಳು ಕಾಣುತ್ತವೆ. ಅವಕ್ಕೆ ಈಗಲೂ ಲಾಂಜೆವಾನ್ ಹೆಸರೇ.

ನಡುಗುವ ನೀರಿನಲ್ಲಿ ಏನಾಗುತ್ತದೆ? ಶಬ್ದದ ಅಲೆ ಅಂದರೆ ಒತ್ತು, ಬಿಡು, ಒತ್ತು, ಬಿಡು. ಬಿಟ್ಟಾಗ ಒತ್ತಡ ಎಷ್ಟು ತಗ್ಗುತ್ತದೆಂದರೆ ನೀರು ಅಲ್ಲಲ್ಲಿ ಸೀಳಿ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಮರುಕ್ಷಣ ಒತ್ತು ಬಂದಾಗ ಅವು ಕುಸಿಯುತ್ತವೆ. ಈ ಕುಸಿತವನ್ನು ಮೊದಲು ಕಂಡು ಹೆದರಿದವರು ಹಡಗಿನವರು. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ‘ಟರ್ಬಿನಿಯಾ’ ಎಂಬ ಹೊಸ ಬಗೆಯ ಹಡಗು ಮಾಡಿಸಿ ನೀರಿಗಿಳಿಸಿದರೆ, ಎಂಜಿನ್ನಿನಲ್ಲಿ ಅಷ್ಟು ಬಲವಿದ್ದರೂ ಅದು ನೆನೆಸಿದಷ್ಟು ಓಡಲೇ ಇಲ್ಲ. ಗಾಜಿನ ಕಿಟಕಿಯಿದ್ದ ತೊಟ್ಟಿಯಲ್ಲಿ ಪುಟ್ಟ ಪ್ರೊಪೆಲರ್ ತಿರುಗಿಸಿ ನೋಡಿದಾಗ ಗೊತ್ತಾಯಿತು: ರೆಕ್ಕೆಗಳು ಬಿರುಸಾಗಿ ತಿರುಗುವಲ್ಲಿ ಗುಳ್ಳೆಗಳೇ ತುಂಬಿಕೊಂಡು ನೀರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಆಮೇಲೆ ಒಂದರ ಬದಲು ಒಂಬತ್ತು ಪ್ರೊಪೆಲರ್ ಹಾಕಿ, 1897ರಲ್ಲಿ ವಿಕ್ಟೋರಿಯಾ ರಾಣಿಯ ನೌಕಾ ಮೆರವಣಿಗೆಯ ನಡುವೆ ಹಡಗು ಓಡಿಸಿ ಎಲ್ಲರ ಬಾಯಿ ಮುಚ್ಚಿಸಿದರು, ಅದು ಬೇರೆ ಮಾತು. ಗುಳ್ಳೆಗಳ ಕಾಟ ಮಾತ್ರ ಮುಗಿಯಲಿಲ್ಲ. ದೊಡ್ಡ ಹಡಗುಗಳ ಪ್ರೊಪೆಲರಿನ ಲೋಹ ಗೆದ್ದಲು ತಿಂದಂತೆ ತೂತಾಗುತ್ತಿತ್ತು. ಇಷ್ಟು ಮೆತ್ತಗಿನ ಗುಳ್ಳೆ ಲೋಹವನ್ನು ಕೊರೆಯುವುದು ಹೇಗೆ? 1917ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಲೆಕ್ಕ ಹಾಕಿ ತೋರಿಸಿದರು: ಖಾಲಿ ಗುಳ್ಳೆಯೊಂದು ಕುಸಿಯುವಾಗ ಸುತ್ತಲಿನ ನೀರೆಲ್ಲ ಒಂದೇ ಬಿಂದುವಿಗೆ ನುಗ್ಗುವುದರಿಂದ, ಅಲ್ಲಿ ಒತ್ತಡ ಸಾವಿರಾರು ಪಟ್ಟು ಏರಬಲ್ಲದು.

ಸಮುದ್ರದ ಪಿಸ್ತೂಲು ಸಿಗಡಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಅದು ತನ್ನ ದೊಡ್ಡ ಕೊಂಡಿಯನ್ನು ಎಷ್ಟು ಬೇಗ ಮುಚ್ಚುತ್ತದೆಂದರೆ ಚಿಮ್ಮಿದ ನೀರಿನ ಹಿಂದೆ ಒಂದು ಗುಳ್ಳೆ ಹುಟ್ಟುತ್ತದೆ. ಕೊಂಡಿಗೆ ಕೊಂಡಿ ಬಡಿದು ‘ಟಪ್’ ಎನ್ನುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. 2000ದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮರಾ ಹಿಡಿದು ನೋಡಿದರೆ ಸದ್ದು ಮಾಡುತ್ತಿದ್ದುದು ಕುಸಿಯುವ ಗುಳ್ಳೆ! ಆ ಪೆಟ್ಟಿಗೇ ಎದುರಿನ ಪುಟ್ಟ ಬೇಟೆ ತತ್ತರಿಸಿಹೋಗುತ್ತದೆ.

ಲೋಹ ತಿನ್ನುವ, ಮೀನು ಕೊಲ್ಲುವ ಗುಳ್ಳೆಯನ್ನು ಹಾಡಿನ ತಟ್ಟೆಗೆ ಬಿಡುವುದೆಂದರೆ ಹುಚ್ಚಲ್ಲವೇ? ಅಳತೆಯಲ್ಲಿಟ್ಟರೆ ಅಲ್ಲ. ತೋಡಿನ ಗೋಡೆಯ ಪಕ್ಕದಲ್ಲಿ ಗುಳ್ಳೆ ಕುಸಿಯುವಾಗ ಎಲ್ಲ ಕಡೆಯಿಂದ ಸಮನಾಗಿ ಕುಸಿಯುವುದಿಲ್ಲ. ಗೋಡೆಯತ್ತ ನೀರಿಗೆ ನುಗ್ಗಲು ದಾರಿ ಕಡಿಮೆ, ಆಚೆ ಕಡೆಯಿಂದ ಹೆಚ್ಚು. ಹಾಗಾಗಿ ಗುಳ್ಳೆಯ ಹೊಟ್ಟೆಯನ್ನು ತೂರಿಕೊಂಡು ನೀರಿನ ಒಂದು ಸಣ್ಣ ಚಿಲುಮೆ ನೇರ ಗೋಡೆಗೆ ಬಡಿಯುತ್ತದೆ. ಅದು ಧೂಳನ್ನು ಎಬ್ಬಿಸುತ್ತದೆ. ಗಟ್ಟಿಯಾದ ವಿನೈಲ್ ಉಳಿಯುತ್ತದೆ, ಸಡಿಲವಾಗಿ ಅಂಟಿದ ಕೊಳೆ ಏಳುತ್ತದೆ. ಹೊತ್ತು ಹೆಚ್ಚಾಗಬಾರದು, ಬಿಸಿ ಹೆಚ್ಚಾಗಬಾರದು, ಅಷ್ಟೇ.

ಗುಳ್ಳೆಯ ಗಾತ್ರಕ್ಕೂ ಒಂದು ಲೆಕ್ಕವಿದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ತಾನೇ ಅದು ಎತ್ತರಕ್ಕೆ ಹೋಗುವುದು? ಪ್ರತಿ ಗಾತ್ರದ ಗುಳ್ಳೆಗೂ ಹಾಗೆ ತನ್ನದೇ ಲಯ. ಸೆಕೆಂಡಿಗೆ 40,000 ಸಲ ತಳ್ಳುವ ಶಬ್ದಕ್ಕೆ ಚೆನ್ನಾಗಿ ಕುಣಿಯುವ ಗುಳ್ಳೆಯ ಅಡ್ಡಳತೆ ಮಿಲಿಮೀಟರಿನ ಆರನೇ ಒಂದು ಭಾಗದಷ್ಟು. ಅದು ತೋಡಿಗಿಂತ ದೊಡ್ಡದಾಯಿತಲ್ಲ! 80,000 ಸಲಕ್ಕೆ ಅದರ ಅರ್ಧ; 1,20,000 ಸಲಕ್ಕೆ ಮೂರನೇ ಒಂದು ಭಾಗ, ಅಂದರೆ ತೋಡಿಗೆ ಹೊಂದುವ ಗಾತ್ರ. ಅದಕ್ಕೇ ತಟ್ಟೆ ಪ್ರಿಯರಲ್ಲಿ ಯಾವುದು ಮೇಲು ಎಂಬ ಜಗಳ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ 40,000ದ ಅಗ್ಗದ ತೊಟ್ಟಿಯೇ ಸಾಕು. ಅದರಲ್ಲೂ ಎಲ್ಲ ಗಾತ್ರದ ಗುಳ್ಳೆಗಳೂ ಹುಟ್ಟುತ್ತವೆ, ಮೇಲಾಗಿ ಗುಳ್ಳೆಯಿಂದ ಚಿಮ್ಮುವ ಚಿಲುಮೆ ಗುಳ್ಳೆಗಿಂತ ತುಂಬ ತೆಳ್ಳಗೆ.

ಇನ್ನು ತಟ್ಟೆ ತೊಳೆಯುವ ಯಂತ್ರ ಜೋಡಿಸುವ ಕೆಲಸ. ತೊಟ್ಟಿಯ ವಿದ್ಯುತ್ ಭಾಗವನ್ನು ಸ್ವಂತ ಕಟ್ಟುವ ಹುಮ್ಮಸ್ಸು ಯಾರಿಗೂ ಬೇಡ. ಅದರೊಳಗೆ ಪ್ರಾಣಕ್ಕೇ ಅಪಾಯವಾಗುವಷ್ಟು ವೋಲ್ಟೇಜು ಇರುತ್ತದೆ. ಸಿದ್ಧ ತೊಟ್ಟಿ ತರುವುದು, ತಟ್ಟೆ ತಿರುಗಿಸುವ ಭಾಗವನ್ನು ಮಾತ್ರ ಮನೆಯಲ್ಲಿ ಮಾಡುವುದು. ಪ್ಲಗ್ ಹಾಕುವ ಕೆಲಸ ದೊಡ್ಡವರದು.

ನಮ್ಮ ಜಗಲಿಯಲ್ಲಿ ನಾನು ತೊಟ್ಟಿ ಇಟ್ಟುಕೊಂಡು ಕೂತಾಗ ಅಕ್ಕನ ಮಗಳು ಅಳತೆಪಟ್ಟಿ ಹಿಡಿದು ಬಂದಳು. ಆರು ಲೀಟರಿನ ತೊಟ್ಟಿ: 30 ಸೆಂಟಿಮೀಟರ್ ಉದ್ದ, 15 ಅಗಲ, 15 ಆಳ. ತಟ್ಟೆಯನ್ನೂ ಅಳೆದಳು. ಮೂವತ್ತಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಬಂತು.

“ಮಾಮ, ಇದು ಹಿಡಿಸಲ್ಲ.”

“ಪೂರ್ತಿ ಮುಳುಗಿಸಬೇಕು ಅಂತ ಯಾರು ಹೇಳಿದ್ದು ಪುಟ್ಟಿ? ನಡುವೆ ಕಾಗದದ ಲೇಬಲ್ ಇದೆಯಲ್ಲ, ಅದು ನೆನೆಯಬಾರದು. ಎಷ್ಟು ಅಗಲ ಇದೆ ನೋಡು.”

“ಹತ್ತು.”

“ಹಾಗಾದ್ರೆ ನಡುವಿನಿಂದ ಐದು. ನೀರು ಅದರ ಕೆಳಗೇ ಇರಬೇಕು. ನೀರಿನ ಮಟ್ಟದಲ್ಲಿ ತಟ್ಟೆಯ ಅಗಲ ಎಷ್ಟು, ಹೇಳು?”

ಅವಳು ಪೈಥಾಗೊರಸ್ ಪ್ರಮೇಯವನ್ನು ಶಾಲೆಯಲ್ಲಿ ಆಗಷ್ಟೇ ಕಲಿತಿದ್ದಳು. ಕರ್ಣ 15, ಒಂದು ಬಾಹು 5. ವರ್ಗ, ವ್ಯತ್ಯಾಸ, ವರ್ಗಮೂಲ: 14ಕ್ಕೆ ತುಸು ಹೆಚ್ಚು. ಎರಡರಿಂದ ಗುಣಿಸಿದರೆ 28 ಚಿಲ್ಲರೆ. ಹಿಡಿಯಿತು! ತೊಟ್ಟಿಯ ಬಾಯಿ ನೀರಿಗಿಂತ ಎರಡು ಸೆಂಟಿಮೀಟರ್ ಮೇಲಿದೆ, ಅಲ್ಲಿ? ಅಲ್ಲೂ ಮಾಡಿದಳು: 29 ದಾಟಿತು, 30 ಮುಟ್ಟಲಿಲ್ಲ. ಎರಡೂ ತುದಿಯಲ್ಲಿ ಬೆರಳು ತೂರದಷ್ಟು ಸಂದಿ. ಪ್ರಮೇಯಕ್ಕೆ ಇಷ್ಟು ಒಳ್ಳೆಯ ಕೆಲಸ ಯಾವ ಪರೀಕ್ಷೆಯೂ ಕೊಟ್ಟಿರಲಾರದು.

ತಟ್ಟೆಯ ನಡುವಿನ ತೂತು 7 ಮಿಲಿಮೀಟರಿಗಿಂತ ತುಸು ದೊಡ್ಡದು, ಹಾಗಾಗಿ ಹಾರ್ಡ್‌ವೇರ್ ಅಂಗಡಿಯ 6 ಮಿಲಿಮೀಟರಿನ ಮರೆ ಕೊರೆದ ಸರಳು ಸಲೀಸಾಗಿ ತೂರುತ್ತದೆ. ಸರಳಿಗೆ ಮೂರು ತಟ್ಟೆ ಪೋಣಿಸಿ, ನಡುವೆ ರಬ್ಬರ್ ಬಿಲ್ಲೆ ಇಟ್ಟು, ನಟ್ ಬಿಗಿಯುವುದು. ತಟ್ಟೆಗಳ ನಡುವೆ ಎಷ್ಟು ಜಾಗ ಬಿಡಬೇಕು? ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. ಅದನ್ನು 40,000ದಿಂದ ಭಾಗಿಸಿದರೆ ಒಂದು ಅಲೆಯ ಉದ್ದ 3.7 ಸೆಂಟಿಮೀಟರ್. ಕೆಳಗಿನಿಂದ ಬರುವ ಅಲೆಗೆ ಮೇಲೇಳಲು ಅಷ್ಟು ಜಾಗ ಬಿಟ್ಟರೆ ಒಳ್ಳೆಯದು. ಒತ್ತಿ ಜೋಡಿಸಿದರೆ ನಡುವಿನ ತಟ್ಟೆ ಕೊಳೆಯಾಗಿಯೇ ಉಳಿಯುತ್ತದೆ. ಸರಳಿನ ತುದಿಗೆ 12 ವೋಲ್ಟಿನ, ಗೇರ್ ಇರುವ ನಿಧಾನದ ಮೋಟರು. ನೀರಿನ ಪಕ್ಕದಲ್ಲಿ ಗೋಡೆಯ 230 ವೋಲ್ಟ್ ಸುಳಿಯದಿರಲಿ ಅಂತಲೇ ಈ 12. ಒಂದು ಸುತ್ತಿಗೆ ಒಂದೆರಡು ನಿಮಿಷ ಹಿಡಿದರೆ ಅದೇ ಸರಿಯಾದ ವೇಗ.

ನೀರು? ನಮ್ಮ ಕೊಳವೆಬಾವಿಯದ್ದು ಬೇಡ. ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣ ತೋಡಿನಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಅದಕ್ಕೆ ನೀರಿನ ಮೇಲ್ಮೈ ಎಳೆತ ತಗ್ಗಿಸುವ ದ್ರಾವಣ ಕೆಲವೇ ಹನಿ. ಇಲ್ಲದಿದ್ದರೆ ನೀರು ಕೆಸುವಿನೆಲೆಯ ಮೇಲಿನಂತೆ ಉಂಡೆಗಟ್ಟಿ, ತೋಡಿಗೆ ಇಳಿಯುವುದೇ ಇಲ್ಲ.

ಗುಂಡಿ ಒತ್ತಿದ ತಕ್ಷಣ ತಟ್ಟೆ ಇಳಿಸಬಾರದು. ಹೊಸ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದು ಗುಳ್ಳೆಯೊಳಗೆ ಸೇರಿಕೊಂಡು ಮೆತ್ತೆಯಾಗಿಬಿಡುತ್ತದೆ, ಕುಸಿತಕ್ಕೆ ಬಿಗಿಯೇ ಇರುವುದಿಲ್ಲ. ಹತ್ತು ನಿಮಿಷ ಬರೀ ನೀರನ್ನು ನಡುಗಿಸಿದರೆ ಗಾಳಿ ಹೊರಬೀಳುತ್ತದೆ. ಸದ್ದೂ ಬದಲಾಗುತ್ತದೆ.

“ಕೇಳಿಸದ ಶಬ್ದ ಅಂದೆ. ಇಲ್ಲಿ ಚಿರ್‍ರ್ ಅಂತಿದೆಯಲ್ಲ ಮಾಮ?” ಅಂದಳು ಪುಟ್ಟಿ. ಪ್ರಶ್ನೆ ಅಂದರೆ ಇದು! ನಮಗೆ ಕೇಳುವುದು ತಳದ ಹರಳಿನ 40,000 ಅಲ್ಲ. ಲಕ್ಷಾಂತರ ಗುಳ್ಳೆಗಳು ಅಂಕೆಯಿಲ್ಲದೆ ಹುಟ್ಟಿ ಕುಸಿಯುವ ಗದ್ದಲ. ಅದರಲ್ಲಿ ಕೆಳಗಿನ ಸ್ವರಗಳೂ ಬೆರೆತಿರುತ್ತವೆ, ಅವು ನಮ್ಮ ಕಿವಿಗೆ ಸಿಗುತ್ತವೆ.

ಯಂತ್ರ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ಒಂದು ತುಂಡನ್ನು ನೀರಿನಲ್ಲಿ ನಿಮಿಷದ ಹೊತ್ತು ಇಳಿಬಿಟ್ಟೆವು. ಬೆರಳಲ್ಲಿ ಹಿಡಿಯಲಿಲ್ಲ, ಕಡ್ಡಿಗೆ ಸಿಕ್ಕಿಸಿದ್ದೆವು. ನಡೆಯುವ ತೊಟ್ಟಿಗೆ ಕೈ ಹಾಕಲೇಬಾರದು. ಹೊರತೆಗೆದು ಬೆಳಕಿಗೆ ಹಿಡಿದರೆ ಹಾಳೆ ತುಂಬ ಸಿಡುಬಿನ ಕಲೆಯಂಥ ತಗ್ಗುಗಳು, ಅಲ್ಲಲ್ಲಿ ಸೂಜಿಮೊನೆಯ ತೂತುಗಳು. ಅವು ಎಲ್ಲ ಕಡೆ ಸಮನಾಗಿ ಇರಲಿಲ್ಲ. ಒಂದು ಪಟ್ಟಿ ದಟ್ಟ, ಒಂದು ಪಟ್ಟಿ ತೆಳುವು, ಮತ್ತೆ ದಟ್ಟ. ಪುಟ್ಟಿ ದಟ್ಟ ಪಟ್ಟಿಗಳ ನಡುವೆ ಅಳತೆಪಟ್ಟಿ ಇಟ್ಟಳು. ಹೆಚ್ಚುಕಮ್ಮಿ 1.8 ಸೆಂಟಿಮೀಟರ್, ಅಂದರೆ ಅಲೆಯ ಅರ್ಧ! ತಳದಿಂದ ಏರಿದ ಅಲೆ ನೀರಿನ ಮೇಲ್ಮೈಗೆ ಬಡಿದು ಹಿಂದಿರುಗಿ, ಏರುವ ಅಲೆಯೊಂದಿಗೆ ಸೇರಿ ಒಂದೇ ಕಡೆ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ಅಲೆಯನ್ನು ಅವಳು ಅಡಿಪಟ್ಟಿಯಲ್ಲಿ ಅಳೆದಿದ್ದಳು. ತಟ್ಟೆ ತಿರುಗುತ್ತಿರಬೇಕಾದ್ದೂ ಇದಕ್ಕೇ. ನಿಂತರೆ ಕೆಲವು ಜಾಗ ಮಾತ್ರ ತೊಳೆದೀತು.

ಒಂದು ಸಲಕ್ಕೆ ಹತ್ತು-ಹದಿನೈದು ನಿಮಿಷ ಸಾಕು. ಗುಳ್ಳೆಗಳ ಗುದ್ದಾಟಕ್ಕೆ ನೀರು ತಾನಾಗಿಯೇ ಬಿಸಿಯೇರುತ್ತದೆ, ಆದ್ದರಿಂದ ಥರ್ಮಾಮೀಟರ್ ಹತ್ತಿರವಿರಲಿ. ಚಿನ್ನದ ಒಡವೆಗೆ 50 ಡಿಗ್ರಿ ಸೆಲ್ಸಿಯಸ್ ಒಳ್ಳೆಯದೇ, ವಿನೈಲಿಗೆ ಅಲ್ಲ. ನಾನು 35 ದಾಟಲು ಬಿಡುವುದಿಲ್ಲ. ಬಿಸಿಗೆ ಮೆತ್ತಗಾದ ತಟ್ಟೆ ಹಪ್ಪಳದಂತೆ ಡೊಂಕಾದರೆ ಆಮೇಲೆ ತೊಳೆದು ಏನು ಫಲ? ತೊಳೆದ ಮೇಲೆ ಶುದ್ಧ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಾಳಿಗೆ ಒಣಗಿಸಬೇಕು. ಎದ್ದ ಕೊಳೆ ನೀರಿನಲ್ಲೇ ಇದೆ ತಾನೇ? ಜಾಲಿಸದಿದ್ದರೆ ನೀರು ಆರಿ, ಕೊಳೆ ಮತ್ತೆ ತೋಡಿಗೇ ಹೋಗಿ ಕೂರುತ್ತದೆ.

ಎಲ್ಲ ತಟ್ಟೆಯನ್ನೂ ತೊಟ್ಟಿಗೆ ಇಳಿಸಬೇಡಿ. ಲೇಬಲ್ಲಿನ ಮೇಲೆ 78 ಎಂದು ಬರೆದಿದ್ದು, ಕೈಗೆ ಭಾರವೆನಿಸಿದರೆ ಅದು ವಿನೈಲಿಗಿಂತ ಹಳೆಯ ಬಗೆಯದು, ಕೈತಪ್ಪಿದರೆ ಚೂರಾಗುವಂಥದ್ದು. ಅಮೆರಿಕದಲ್ಲಿ ವಿನೈಲಿನ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಮುಂಚಿನ ತಟ್ಟೆಗಳಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಟ್ಟದ್ದು ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದ ಅದೇ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣದ ಹೊಳಪು ಕೊಡುವ ಅದೇ ಅರಗು. ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡ ಪುಟಾಣಿ ಕೀಟಗಳು ಅದನ್ನು ಸುರಿಸುತ್ತವೆ. ಜಗತ್ತಿನ ಎಷ್ಟೋ ದೇಶಗಳ ಹಾಡುಗಳು ಭಾರತದ ಕಾಡಿನ ಅರಗಿನ ಮೇಲೆ ಅಚ್ಚಾದವು. ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚು ಹೊತ್ತು ನೆನೆದರೂ ಕೆಡುತ್ತದೆ. ಅದಕ್ಕೆ ಮೆತ್ತನೆ ಒದ್ದೆ ಬಟ್ಟೆಯ ಉಪಚಾರವೇ ಸರಿ.

ತೊಳೆದ ತಟ್ಟೆ ಹಾಕಿದಾಗ ಚಟಪಟ ಬಹಳಷ್ಟು ಹೋಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಉಳಿದದ್ದು ಕೊಳೆಯೋ ಗೀರೋ ಎಂದು ತಿಳಿಯಲು ಒಂದು ಉಪಾಯವಿದೆ. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಸ್ಟಾಪ್‌ವಾಚ್ ಹಿಡಿದು ಕೂತುಕೊಳ್ಳಿ. ‘ಚಟ್’ ಸದ್ದು ಹೊತ್ತುಗೊತ್ತಿಲ್ಲದೆ ಬಂದರೆ ಧೂಳು ಇನ್ನೂ ಇದೆ, ಇನ್ನೊಂದು ಸ್ನಾನ ಮಾಡಿಸಿ. ಒಂದು ಸದ್ದು ಕೇಳಿದ ಮೇಲೆ ಮುಂದಿನ ಹತ್ತು ಸದ್ದಿಗೆ ಸರಿಯಾಗಿ 18 ಸೆಕೆಂಡ್ ಹಿಡಿದರೆ, ಯಾರೋ ಯಾವತ್ತೋ ಮುಳ್ಳನ್ನು ಅಡ್ಡಕ್ಕೆ ಎಳೆದಿದ್ದಾರೆ. ಗೀರು ಅಕ್ಕಪಕ್ಕದ ಸುತ್ತುಗಳನ್ನೆಲ್ಲ ಕತ್ತರಿಸಿಕೊಂಡು ಹೋಗಿರುವುದರಿಂದ ಮುಳ್ಳು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಎಡವುತ್ತದೆ. ಯಾವ ಗುಳ್ಳೆಯೂ ಅದನ್ನು ಮುಚ್ಚಲಾರದು.